368 ಮರಗಳ ಲೆಕ್ಕ ಬಂತು, ಹಕ್ಕಿಗಳ ಲೆಕ್ಕ ಯಾರ ಹತ್ರ ಇದೆ?

ಬೆನ್ಸನ್ ಟೌನ್: ಕಂಟೋನ್ಮೆಂಟ್ ಸ್ಟೇಷನ್ ಹತ್ತಿರದ ರೈಲ್ವೆ ಕಾಲೊನಿ ವಿಷಯ ನಮ್ಮ ಏರಿಯಾದ ಟೀ ಅಂಗಡಿಗಳಲ್ಲಿ ಇನ್ನೂ ಮಾತಿಗೆ ಬರ್ತಾನೇ ಇದೆ. ಜಾಗ 8.61 ಎಕರೆ. ವಾಣಿಜ್ಯ ಉದ್ದೇಶದ ಅಭಿವೃದ್ಧಿಗಾಗಿ ಅಲ್ಲಿನ 368 ಮರ ಕಡಿಯಬೇಕು ಅನ್ನೋ ಕೋರಿಕೆ ಬಂದು, 2025ರಲ್ಲಿ ಆಗಿನ ಬಿಬಿಎಂಪಿ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಿತು. ವಸಂತನಗರ, ಬೆನ್ಸನ್ ಟೌನ್ ಕಡೆಯವರೂ ಪರಿಸರ ಸಂಘಟನೆಗಳೂ ಬೇಡ ಅಂದರು. ಆಮೇಲೆ ಅರಣ್ಯ ಸಚಿವ ಈಶ್ವರ ಖಂಡ್ರೆ ಈ ಜಾಗವನ್ನು ‘ಜೀವವೈವಿಧ್ಯ ಪಾರಂಪರಿಕ ತಾಣ’ ಎಂದು ಘೋಷಿಸುವ ಪ್ರಸ್ತಾವ ಮುಂದಿಟ್ಟರು.

ಇಷ್ಟೆಲ್ಲಾ ಆಗುವಾಗ ಎಲ್ಲರ ಬಾಯಲ್ಲೂ ಓಡಾಡಿದ್ದು ಒಂದೇ ಸಂಖ್ಯೆ, 368. ಮರಕ್ಕೆ ನಂಬರ್ ಇದೆ, ಜಾತಿ ಇದೆ, ಸುತ್ತಳತೆ ಇದೆ. ಅದರ ಮೇಲೆ ಬದುಕೋದಕ್ಕೆ ಲೆಕ್ಕ ಇಲ್ಲ. ಪ್ರಸ್ತಾವದ ಹೆಸರಲ್ಲೇ ‘ಜೀವವೈವಿಧ್ಯ’ ಇರೋವಾಗ ಇದು ಸಣ್ಣ ಕೊರತೆಯಲ್ಲ.

ಮೊದಲು ಕಾನೂನು ನೋಡೋಣ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ವೃಕ್ಷಾಧಿಕಾರಿ ನೋಟಿಸ್ ಹೊರಡಿಸಿ ಜನರ ಮಾತು ಕೇಳಲೇಬೇಕು. ಪಾರಂಪರಿಕ ತಾಣದ ಘೋಷಣೆ ಬರೋದು ಇನ್ನೊಂದು ಕಾಯ್ದೆಯಿಂದ, 2002ರ ಜೀವವೈವಿಧ್ಯ ಕಾಯ್ದೆಯ 37ನೇ ಸೆಕ್ಷನ್‌ನಿಂದ. ಸ್ಥಳೀಯ ಸಂಸ್ಥೆಗಳ ಜೊತೆ ಸಮಾಲೋಚಿಸಿ ಘೋಷಿಸುವ ಅಧಿಕಾರ ರಾಜ್ಯ ಸರ್ಕಾರದ್ದು. ಜಾಗ ಮಾತ್ರ ರೈಲ್ವೆಯದ್ದು, ಅಂದರೆ ಕೇಂದ್ರದ್ದು. ಹೀಗಿರೋವಾಗ ‘ಇಲ್ಲಿ ಅಂಥದ್ದೇನಿದೆ’ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಉತ್ತರಕ್ಕೆ ದಾಖಲೆ ಬೇಕು, ಘೋಷಣೆ ಕೂಗಿದರೆ ಸಾಲದು.

ಹೋಲಿಕೆಗೆ ದೂರ ಹೋಗಬೇಕಿಲ್ಲ. ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯ್ತು. ಹೆಬ್ಬಾಳದಾಚೆಯ ಜಿಕೆವಿಕೆ ಕ್ಯಾಂಪಸ್ ಕೂಡ ಅದೇ ಪಟ್ಟಿಯಲ್ಲಿದೆ. ಒಂದಕ್ಕೆ ಹಳೇ ಹುಣಸೆ ಮರಗಳ ಬಲ, ಇನ್ನೊಂದಕ್ಕೆ ವಿಶಾಲ ಜಾಗ, ಕೃಷಿ ವಿಶ್ವವಿದ್ಯಾಲಯದ ದಾಖಲೆಗಳ ಬಲ. ನಮ್ಮ 8.61 ಎಕರೆ ಅವುಗಳ ಮುಂದೆ ಅಂಗೈಯಗಲ. ಹಾಗಾಗಿ ಇದರ ಪರ ವಾದ ಇನ್ನೂ ಗಟ್ಟಿಯಾಗಿರಬೇಕು.

ಇಲ್ಲಿ ಅಪರೂಪದ ಹಕ್ಕಿ ಇದೆ ಅಂತ ಯಾರೂ ಬೊಗಳೆ ಬಿಡೋದು ಬೇಡ. ಕಂಟೋನ್ಮೆಂಟ್ ಕಡೆ ನಮ್ಮ ಕಣ್ಣಿಗೆ ಬೀಳೋದು ಕಾಗೆ, ಹದ್ದು, ಗಿಳಿ, ಗೊರವಂಕ, ಕೋಗಿಲೆ, ‘ಕುಟ್ರು ಕುಟ್ರು’ ಅಂತ ಕೂಗೋ ಹಸಿರು ಕುಟ್ರು ಹಕ್ಕಿ. ಆದರೆ ಹಕ್ಕಿ ವಿಜ್ಞಾನ ಕೇಳೋದು ‘ಎಷ್ಟು ಅಪರೂಪ’ ಅಂತ ಮಾತ್ರ ಅಲ್ಲ, ‘ಎಲ್ಲಿ ಮರಿ ಮಾಡುತ್ತೆ’ ಅಂತಲೂ.

ಕುಟ್ರು ಹಕ್ಕಿಯನ್ನೇ ತಗೊಳ್ಳಿ. ಅದು ಒಣಗಿದ ಅಥವಾ ಮೆತ್ತಗಾದ ಕೊಂಬೆಯಲ್ಲಿ ಕೊಕ್ಕಿನಿಂದ ದುಂಡಗೆ ತೂತು ಕೊರೆದು ಅದರೊಳಗೆ ಮೊಟ್ಟೆ ಇಡುತ್ತೆ. ಹಸಿ, ಗಟ್ಟಿ ಮರವನ್ನು ಕೊರೆಯೋ ಶಕ್ತಿ ಅದಕ್ಕಿಲ್ಲ. ಬೇಸಿಗೆಯಲ್ಲಿ ತಾಮ್ರ ಬಡಿದ ಹಾಗೆ ಟುಕ್ ಟುಕ್ ಅನ್ನೋ ಪುಟ್ಟ ಹಕ್ಕಿಯದ್ದೂ ಇದೇ ಕಸುಬು. ಇವು ಬಿಟ್ಟುಹೋದ ಪೊಟರೆಗಳಿಗೆ ಸರದಿಯಲ್ಲಿ ಬೇರೆಯವರು ಬರ್ತಾರೆ. ಗೊರವಂಕಕ್ಕೆ ಮರ ಕೊರೆಯೋಕೆ ಬರಲ್ಲ. ಗಿಳಿ ಹಳೇ ತೂತನ್ನು ಸ್ವಲ್ಪ ಅಗಲ ಮಾಡಿಕೊಳ್ಳುತ್ತೆ. ಹಾಲಕ್ಕಿ ಅನ್ನೋ ಸಣ್ಣ ಗೂಬೆಗೂ, ಮಡಿವಾಳ ಹಕ್ಕಿಗೂ ಸಿದ್ಧ ಪೊಟರೆಯೇ ಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕುಟ್ರು ಮನೆ ಕಟ್ಟೋ ಮಾಲೀಕ, ಉಳಿದವರು ಬಾಡಿಗೆದಾರರು. ಅಡ್ವಾನ್ಸ್ ಮಾತ್ರ ಇಲ್ಲ.

ಇದನ್ನು ಇಟ್ಟುಕೊಂಡು ಮಾಮೂಲಿ ಭರವಸೆಗಳನ್ನು ನೋಡಿ. ಕಡಿದ ಒಂದಕ್ಕೆ ಹತ್ತು ಸಸಿ ನೆಡ್ತೀವಿ ಅಂತಾರೆ. ನೆಡಲಿ, ಸಂತೋಷ. ಆದರೆ ಬೆರಳು ದಪ್ಪದ ಸಸಿಯಲ್ಲಿ ಪೊಟರೆ ಆಗಲ್ಲ, ಅದಕ್ಕೆ ದಶಕಗಳು ಬೇಕು. ಇನ್ನು ಮರವನ್ನೇ ಕಿತ್ತು ಬೇರೆ ಕಡೆ ನೆಡುವುದು. ಸಾಗಿಸೋ ಮುಂಚೆ ಕೊಂಬೆಗಳನ್ನೆಲ್ಲ ಸವರಿ ಬೋಳು ಮಾಡ್ತಾರೆ. ಗೂಡು, ಪೊಟರೆ ಇದ್ದದ್ದೇ ಆ ಕೊಂಬೆಗಳಲ್ಲಿ. ಮರ ಬದುಕಿದರೂ ಹಕ್ಕಿ ಪಾಲಿಗೆ ಅದು ಕಂಬ. ಈ ಕಾರಣಕ್ಕೇ ‘ಎಷ್ಟು ಮರ’ ಅನ್ನೋದಕ್ಕಿಂತ ‘ಎಂಥ ಮರ, ಎಷ್ಟು ಹಳೇದು, ಎಷ್ಟು ಪೊಟರೆ’ ಅನ್ನೋ ಲೆಕ್ಕ ಮುಖ್ಯ.

ಹದ್ದಿನ ವಿಷಯ ಸ್ವಲ್ಪ ಬೇರೆ. ಅದಕ್ಕೆ ಪೊಟರೆ ಬೇಡ, ಎತ್ತರ ಬೇಕು. ಶಿವಾಜಿನಗರದ ಮಾಂಸದ ಅಂಗಡಿಗಳ ಮೇಲೆ ಸುತ್ತುಹಾಕೋ ಹದ್ದುಗಳನ್ನು ದಿನಾ ನೋಡ್ತೀವಿ. ದೆಹಲಿಯಲ್ಲಿ ಹದ್ದುಗಳ ಮೇಲೆ ವರ್ಷಗಟ್ಟಲೆ ನಡೆದ ಅಧ್ಯಯನಗಳು ಹೇಳೋದಿಷ್ಟು: ಕಸ ಸಿಗೋ ಕಡೆ, ಜನ ಹರಕೆಯಾಗಿ ಮಾಂಸದ ತುಂಡು ಎಸೆಯೋ ಕಡೆ, ಹತ್ತಿರದಲ್ಲೇ ಗೂಡುಗಳೂ ದಟ್ಟವಾಗಿರುತ್ತವೆ. ಅಂದರೆ ಊಟಕ್ಕೂ ಮನೆಗೂ ಸಂಬಂಧ ಇದೆ. ಗೂಡಿನ ಮರ ಹೋದರೆ ಹದ್ದು ಊರು ಬಿಡುತ್ತೆ ಅಂತೇನಿಲ್ಲ, ಟವರ್ ಮೇಲೂ ಕಟ್ಟುತ್ತೆ. ಆದರೆ ಎಲ್ಲ ಹಕ್ಕಿಗೂ ಆ ಅನುಕೂಲ ಇಲ್ಲ.

ಅಂಗಡಿಯವರ ಮಾತಿಗೂ ಬರೋಣ. ದೊಡ್ಡ ಕಟ್ಟಡ ಬಂದರೆ ಗಿರಾಕಿ ಬರ್ತಾರೆ ಅನ್ನೋ ಲೆಕ್ಕಾಚಾರ ತಪ್ಪಲ್ಲ. ಅದರ ಜೊತೆಗೆ ಇನ್ನೊಂದು ಲೆಕ್ಕವನ್ನೂ ಇಡಬೇಕು. ಬೆಂಗಳೂರಿನ ರಸ್ತೆಗಳಲ್ಲೇ ಹರಿಣಿ ನಾಗೇಂದ್ರ ಮತ್ತು ಸಹ ಸಂಶೋಧಕರು ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರವಿರೋ ರಸ್ತೆಯಲ್ಲಿ ಗಾಳಿಯ ತಾಪಮಾನ 5.6 ಡಿಗ್ರಿವರೆಗೆ, ರಸ್ತೆ ಮೇಲ್ಮೈಯ ಬಿಸಿ 27.5 ಡಿಗ್ರಿವರೆಗೆ ಕಡಿಮೆ ಇತ್ತು. ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಶೆಟರ್ ತೆಗೆದು ಕೂತವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು. ನೆರಳು ಕೊಡೋ ದೊಡ್ಡ ಮಳೆಮರ ನಮ್ಮ ನಾಡಿನದ್ದಲ್ಲ, ಅಮೆರಿಕ ಖಂಡದಿಂದ ಬಂದದ್ದು. ‘ಪರದೇಶಿ ಮರ ತಾನೇ’ ಅಂತ ಕೆಲವರು ತಳ್ಳಿಹಾಕ್ತಾರೆ. ಗೂಡು ಕಟ್ಟೋ ಹಕ್ಕಿ ಮರದ ಜಾತಕ ಕೇಳಲ್ಲ. ಆದರೆ ಹಣ್ಣು ತಿನ್ನೋ ಕುಟ್ರು, ಕೋಗಿಲೆಗಳಿಗೆ ಅತ್ತಿ, ಆಲ, ಅರಳಿ ಬೇಕು. ಎರಡೂ ಒಟ್ಟಿಗೆ ಇದ್ದಾಗ ಜಾಗಕ್ಕೆ ಬೆಲೆ. ಒಂದೊಂದೇ ಮರಕ್ಕೆ ಅನುಮತಿ ಕೊಡೋ ಪದ್ಧತಿಯಲ್ಲಿ ಈ ‘ಒಟ್ಟಿಗೆ’ ಅನ್ನೋದು ಕಾಣೋದೇ ಇಲ್ಲ.

ಹಾಗಾದರೆ ಲೆಕ್ಕ ಯಾರು ಇಡಬೇಕು? 2023ರಲ್ಲಿ ಬಂದ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ 942 ಪ್ರಭೇದಗಳನ್ನು ಪರಿಶೀಲಿಸಿತ್ತು. ದೀರ್ಘಾವಧಿ ಏರಿಳಿತ ಹೇಳಲು ಸಾಧ್ಯವಾದ 338 ಪ್ರಭೇದಗಳಲ್ಲಿ ಶೇ 60ರಷ್ಟು ಇಳಿಮುಖ. ಆ ವರದಿಯ ಅಡಿಪಾಯ ಸುಮಾರು 30 ಸಾವಿರ ಹಕ್ಕಿ ವೀಕ್ಷಕರು ಇ-ಬರ್ಡ್‌ಗೆ ಹಾಕಿದ 3 ಕೋಟಿ ದಾಖಲೆಗಳು. ಅದರಲ್ಲಿ ಬಹುತೇಕರು ವಿಜ್ಞಾನಿಗಳಲ್ಲ, ನಮ್ಮ ನಿಮ್ಮಂಥವರು.

ಇಲ್ಲೂ ಅದೇ ದಾರಿ. ರೈಲ್ವೆ ಜಾಗದೊಳಗೆ ಅನುಮತಿ ಇಲ್ಲದೆ ನುಗ್ಗೋದು ಬೇಡ. ಹೊರಗಿನ ರಸ್ತೆಯಲ್ಲಿ ಒಂದು ಜಾಗ ಗೊತ್ತು ಮಾಡಿಕೊಂಡು, ವಾರಕ್ಕೊಮ್ಮೆ ಬೆಳಿಗ್ಗೆ ಅಲ್ಲೇ 15 ನಿಮಿಷ ನಿಂತು, ಗುರುತು ಸಿಕ್ಕ ಎಲ್ಲ ಹಕ್ಕಿಗಳನ್ನೂ ಬರೆಯಬೇಕು. ‘ಎಲ್ಲ’ ಅನ್ನೋದು ಮುಖ್ಯ. ಚೆಂದದ್ದು ಮಾತ್ರ ಬರೆದರೆ ಮುಂದೆ ಯಾವುದು ಕಾಣೆಯಾಯ್ತು ಅಂತ ಹೇಳೋಕಾಗಲ್ಲ. ಯಾವ ಮರದಲ್ಲಿ ಗೂಡು, ಯಾವುದರಲ್ಲಿ ಪೊಟರೆ ಅಂತಲೂ ಗುರುತು ಹಾಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಅನ್ನೋ ಪದದೊಳಗೆ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡೋದೂ ಸೇರಿದೆ. ಆಕ್ಷೇಪಣೆ ಪತ್ರದಲ್ಲಿ ‘ಇಲ್ಲಿ ತುಂಬಾ ಹಕ್ಕಿ ಇದಾವೆ ಸರ್’ ಅನ್ನೋದಕ್ಕೂ, ತಾರೀಖು ಹಾಕಿದ ಐವತ್ತು ವಾರದ ಪಟ್ಟಿ ಲಗತ್ತಿಸೋದಕ್ಕೂ ಅಜಗಜಾಂತರ.

ದೇಶದಾದ್ಯಂತ ನಡೆಯೋ ನಾಲ್ಕು ದಿನದ ಹಿತ್ತಲ ಹಕ್ಕಿ ಎಣಿಕೆ ಪ್ರತಿ ವರ್ಷ ಫೆಬ್ರವರಿಯಲ್ಲಿ ಬರುತ್ತೆ. ಶುರು ಮಾಡೋಕೆ ಅದು ಒಳ್ಳೆ ಸಮಯ, ಆಗ ಹದ್ದಿನ ಗೂಡುಗಳೂ ಕಾಣ್ತವೆ.