ಮಿಡ್‌ಫೀಲ್ಡ್ ಮಾತು ಸಾಕು, ಮಾಲೀಕರ ಮಾತಾಡೋಣ

ತುಮಕೂರಿನ ಬಿ.ಎಚ್. ರಸ್ತೆಯ ಚಹಾದಂಗಡಿಯೊಂದರಲ್ಲಿ ಮಗ್ರಿಬ್ ನಮಾಜಿನ ನಂತರ ಸೇರುವ ನಮ್ಮ ಗುಂಪಿಗೆ ಹೆಸರಿಲ್ಲ, ಅಧ್ಯಕ್ಷರಿಲ್ಲ. ವೆಲ್ಡಿಂಗ್ ಶಾಪಿನ ಹುಡುಗನಿದ್ದಾನೆ. ಗುಬ್ಬಿಯಿಂದ ದಿನವೂ ರೈಲಿನಲ್ಲಿ ಬಂದುಹೋಗುವ ಮೇಷ್ಟರಿದ್ದಾರೆ. ಕುಣಿಗಲ್‌ನಿಂದ ತೆಂಗಿನಕಾಯಿ ಲೋಡಿನ ಜೊತೆ ಬರುವ ಗೌಡರ ಹುಡುಗನೊಬ್ಬ ಇದ್ದಾನೆ. ನಮ್ಮನ್ನು ಒಂದೇ ಬೆಂಚಿಗೆ ಕಟ್ಟಿಹಾಕಿರುವುದು ಬೆಂಗಳೂರು ಎಫ್‌ಸಿ ಎಂಬ ಫುಟ್‌ಬಾಲ್ ಕ್ಲಬ್. ನಾವು ಅಲ್ಲಿ ಕೂತು ಆ ಕ್ಲಬ್ಬಿನ ಕೋಚ್‌ಗಳನ್ನು ತೆಗೆದಿದ್ದೇವೆ, ಡಿಫೆಂಡರ್‌ಗಳನ್ನು ಮಾರಿದ್ದೇವೆ, ಸ್ಪೇನಿನಿಂದ ಆಟಗಾರರನ್ನು ಪುಕ್ಕಟೆ ತರಿಸಿದ್ದೇವೆ. ಎಲ್ಲವೂ ಒಂದು ಬೈ-ಟು ಚಹಾದ ಖರ್ಚಿನಲ್ಲಿ.

2025ರ ಆಗಸ್ಟ್ 4ರ ಸಂಜೆಯೂ ಅಲ್ಲಿ ನಡೆದಿದ್ದದ್ದು ಮಿಡ್‌ಫೀಲ್ಡ್ ಚರ್ಚೆಯೇ. ಅಷ್ಟರಲ್ಲಿ ಯಾರದೋ ಮೊಬೈಲಿನಲ್ಲಿ ಸುದ್ದಿ ಬಂತು: ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಕ್ಲಬ್ ಅನಿರ್ದಿಷ್ಟ ಕಾಲ ನಿಲ್ಲಿಸಿದೆ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಮೊದಲು ಎದ್ದ ಪ್ರಶ್ನೆ ಏನು ಗೊತ್ತೇ? "ಹಂಗಾದ್ರೆ ನಮ್ಮ ಹುಡುಗರನ್ನ ಯಾವ ಟೀಮು ಎತ್ತಾಕ್ಕೊಳ್ತದೆ ಭಾಯ್?" ಸಂಬಳ ನಿಂತ ಮನೆಯಲ್ಲಿ ಒಲೆ ಹೇಗೆ ಉರಿಯುತ್ತದೆ ಎಂದು ಕೇಳಿದವರು ಯಾರೂ ಇಲ್ಲ. ಸಂಬಳ ನಿಲ್ಲಿಸುವ ಅಧಿಕಾರ ಒಬ್ಬರ ಕೈಯಲ್ಲೇ ಏಕಿದೆ ಎಂದಂತೂ ಇಲ್ಲವೇ ಇಲ್ಲ. ಪ್ರಶ್ನೆ ಕೇಳಿದವನ ಮೇಲೆ ನಮಗೆ ಸಿಟ್ಟಿಲ್ಲ, ಅವನ ಪಕ್ಕದಲ್ಲೇ ಕೂತು ಉತ್ತರ ಹುಡುಕತೊಡಗಿದ್ದು ನಾವೇ. ಈ ಬರಹ ಆ ನಾಚಿಕೆಯಿಂದ ಹುಟ್ಟಿದ್ದು.

ಮಿಡ್‌ಫೀಲ್ಡ್ ಮಾತು ಪೊಳ್ಳೆಂದು ನಾವು ಹೇಳುತ್ತಿಲ್ಲ. 2018-19ರಲ್ಲಿ ಐಎಸ್‌ಎಲ್ ಗೆದ್ದ ನಮ್ಮ ತಂಡದ ನಡುವೆ ಸ್ಪೇನಿನ ಡಿಮಾಸ್ ಡೆಲ್ಗಾಡೊ ಇದ್ದ, ಆಸ್ಟ್ರೇಲಿಯಾದ ಎರಿಕ್ ಪಾರ್ಟಾಲು ಇದ್ದ. ಒಬ್ಬ ಚೆಂಡನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಸರಿಯಾದ ಮನೆಗೆ ಮುಟ್ಟಿಸುವವನು, ಇನ್ನೊಬ್ಬ ಹೆಬ್ಬಾಗಿಲಂತೆ ಅಡ್ಡ ನಿಲ್ಲುವವನು. 2021ರಲ್ಲಿ ಇಬ್ಬರೂ ಹೋದರು. ಆಮೇಲೆ ಆ ಜಾಗಕ್ಕೆ ಬಂದವರು ಕೆಟ್ಟ ಆಟಗಾರರೇನಲ್ಲ, ಆದರೆ ಒಬ್ಬ ಕೋಚ್ ಕಟ್ಟಿದ್ದನ್ನು ಮತ್ತೊಬ್ಬ ಬಿಚ್ಚುವ ಆಟ ಶುರುವಾಯಿತು. ಕುವಾಡ್ರಾಟ್, ಪೆಜೈಯುವೊಲಿ, ಗ್ರೇಸನ್, ಜರಗೋಜಾ, ಹೀಗೆ ಹೆಸರು ಹೇಳುತ್ತಾ ಹೋದರೆ ಚಹಾ ಆರುತ್ತದೆ. 2022ರಲ್ಲಿ ಡ್ಯುರಾಂಡ್ ಕಪ್ ಗೆದ್ದೆವು. 2023-24ರಲ್ಲಿ 12 ತಂಡಗಳಲ್ಲಿ 10ನೆಯವರಾಗಿ ಮುಖ ಮುಚ್ಚಿಕೊಂಡೆವು. ಮರುವರ್ಷ ಫೈನಲ್ ತಲುಪಿ ಕೋಲ್ಕತ್ತಾದಲ್ಲಿ ಮೋಹನ್ ಬಗಾನ್ ಎದುರು 2-1ರಿಂದ ಸೋತೆವು. ನಲವತ್ತು ದಾಟಿದ ಸುನಿಲ್ ಛೆಟ್ರಿಯ ಕಾಲಿನ ಕಡೆಗೇ ಇನ್ನೂ ಎಲ್ಲರೂ ನೋಡಬೇಕಾಗಿದ್ದರೆ, ನಡುವಿನಿಂದ ಮುಂದಕ್ಕೆ ಚೆಂಡು ದಾಟಿಸುವ ವ್ಯವಸ್ಥೆಯಲ್ಲಿ ಏನೋ ಕೆಟ್ಟಿದೆ ಎಂದೇ ಅರ್ಥ. ಇಷ್ಟು ನಮ್ಮ ಅಂಗಡಿಯ ಮಕ್ಕಳಿಗೂ ಗೊತ್ತು.

ಆದರೆ ಖಾಲಿ ಬಿದ್ದಿರುವ ಇನ್ನೊಂದು ನಡುಮೈದಾನವಿದೆ. ಮಾಲೀಕನ ಮೇಜಿಗೂ ಅಭಿಮಾನಿಯ ಬೆಂಚಿಗೂ ನಡುವೆ ಇರುವುದು. ಅಲ್ಲಿ ಆಡುವವರೇ ಇಲ್ಲ.

ಮಾಲೀಕರ ಬಗ್ಗೆ ನ್ಯಾಯವಾಗಿಯೇ ಮಾತಾಡೋಣ. ಜೆಎಸ್‌ಡಬ್ಲ್ಯು ಸಮೂಹ 2013ರಲ್ಲಿ ಈ ಕ್ಲಬ್ ಹುಟ್ಟುಹಾಕಿತು. ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ಬೂ ಇದೇ. ಬಳ್ಳಾರಿಯ ತೋರಣಗಲ್ಲಿನಲ್ಲಿ ಉಕ್ಕು ಕಾಯಿಸುವ ಕಂಪನಿ ನಮ್ಮ ಕಂಠೀರವದಲ್ಲಿ ಚೆಂಡಾಟಕ್ಕೆ ದುಡ್ಡು ಸುರಿಯಿತು, ಆ ದುಡ್ಡಿನ ಸಂಭ್ರಮವನ್ನು ನಾವೂ ಉಂಡಿದ್ದೇವೆ. ಸಂಬಳ ನಿಲ್ಲಿಸಿದ್ದಕ್ಕೆ ಅವರಲ್ಲೂ ಕಾರಣವಿದೆ. 2010ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನು ಹದಿನೈದು ವರ್ಷಗಳಿಗೆ ಆಟದ ವಾಣಿಜ್ಯ ಹಕ್ಕುಗಳನ್ನೆಲ್ಲ ಒಂದೇ ಕಡೆ ಒಪ್ಪಿಸಿಬಿಟ್ಟಿತು. ಆ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಮುಂದೇನು ಎಂದು ಯಾರೂ ಹೇಳದಿದ್ದಾಗ ಲೀಗ್ ನಡೆಸುತ್ತಿದ್ದ ರಿಲಯನ್ಸ್ ಪಾಲುದಾರಿಕೆಯ ಎಫ್‌ಎಸ್‌ಡಿಎಲ್ ಜುಲೈನಲ್ಲೇ ಲೀಗನ್ನು ತಡೆಹಿಡಿಯಿತು. ಹಕ್ಕುಗಳಿಗೆ ಹೊಸ ಟೆಂಡರ್ ಕರೆದರೆ ಒಬ್ಬರೂ ಬಿಡ್ ಹಾಕಲಿಲ್ಲ. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಕೇಂದ್ರದ ಕ್ರೀಡಾ ಮಂತ್ರಿಗಳೇ ನಡುವೆ ಬಂದು, ಕುಗ್ಗಿಸಿದ ಲೀಗೊಂದು 2026ರ ಫೆಬ್ರವರಿ 14ಕ್ಕೆ ಶುರುವಾಯಿತು.

ಪಂದ್ಯವೇ ಇಲ್ಲದಾಗ ಸಂಬಳ ಎಲ್ಲಿಂದ ತರುವುದು ಎಂದು ಮಾಲೀಕರು ಕೇಳಬಹುದು. ಬೆವರು ಆರುವ ಮೊದಲೇ ಕೂಲಿ ಕೈಗಿಡಬೇಕೆಂಬ ಮಾತನ್ನು ಶುಕ್ರವಾರದ ಖುತ್ಬಾದಲ್ಲಿ ಕೇಳುತ್ತಾ ಬೆಳೆದ ನಮಗೆ ಈ ಪ್ರಶ್ನೆ ಗಂಟಲಲ್ಲಿ ಇಳಿಯುವುದಿಲ್ಲ. ಮಳೆ ಬಂದು ಕೆಲಸ ನಿಂತರೆ ಗಾರೆ ಕೆಲಸದವನಿಗೆ ಕೂಲಿಯಿಲ್ಲ, ನಿಜ. ಆದರೆ ಅವನ ಜೊತೆ ಯಾರೂ ಮೂರು ವರ್ಷದ ಕರಾರಿಗೆ ಸಹಿ ಹಾಕಿರುವುದಿಲ್ಲ.

ಕುಣಿಗಲ್‌ನ ಮಿತ್ರ ಇಂಥ ಹೊತ್ತಲ್ಲಿ ತನ್ನೂರಿನ ಕುದುರೆ ಫಾರಂ ನೆನಪಿಸುತ್ತಾನೆ. ಟಿಪ್ಪು ಸುಲ್ತಾನರ ಅಶ್ವದಳಕ್ಕೆ ಕುದುರೆ ಸಾಕಿದ ಜಾಗವದು. ಸರ್ಕಾರಿ ಆಸ್ತಿ. 1990ರ ದಶಕದಲ್ಲಿ ವಿಜಯ ಮಲ್ಯರ ಕಂಪನಿಗೆ ಗುತ್ತಿಗೆಗೆ ಹೋಯಿತು, ರೇಸಿನ ಕುದುರೆಗಳು ಬೆಳೆದವು. ಅದೇ ಮಲ್ಯರ ಯುಬಿ ಸಮೂಹ 1998ರಲ್ಲಿ ಕೋಲ್ಕತ್ತಾದ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಎರಡರಲ್ಲೂ ಪಾಲು ಹಿಡಿಯಿತು. ನೂರಾರು ಮೈಲಿ ಆಚೆ ಒಂದೇ ಊರಿನಲ್ಲಿ ಒಬ್ಬರ ಮುಖ ಒಬ್ಬರು ನೋಡದ ಎರಡು ಬಣ, ಎರಡರ ಎದೆಯ ಮೇಲೂ ಒಬ್ಬನೇ ಧಣಿಯ ಮದ್ಯದ ಬ್ರಾಂಡು! ರೇಸಿನ ಕುದುರೆಗೂ ವಂಶಾವಳಿ ಇದೆ, ಬೆಲೆ ಇದೆ, ಟ್ರಾನ್ಸ್‌ಫರ್ ಇದೆ. ಫುಟ್‌ಬಾಲ್ ಕ್ಲಬ್ಬಿಗೂ ಕುದುರೆಗೂ ಇರುವ ವ್ಯತ್ಯಾಸವನ್ನು ಗುರುತಿಸಬೇಕಾದವರು ಧಣಿಗಳಂತೂ ಅಲ್ಲ.

ಹೈದರಾಬಾದಿನವರನ್ನು ಕೇಳಿ. 2022ರಲ್ಲಿ ಅವರ ತಂಡ ಐಎಸ್‌ಎಲ್ ಚಾಂಪಿಯನ್. ಎರಡೇ ವರ್ಷದಲ್ಲಿ ಸಂಬಳ ಬಾಕಿ, ಆಟಗಾರರ ವಲಸೆ, ಸಾಲ. ಮಾಲೀಕತ್ವ ಕೈಬದಲಾಯಿತು. 2025ರಲ್ಲಿ ಕ್ಲಬ್ಬು ಗಂಟುಮೂಟೆ ಕಟ್ಟಿ ದೆಹಲಿಗೆ ಹೋಗಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಎಂದು ಹೆಸರು ಬದಲಿಸಿಕೊಂಡಿತು. ಅದೇ ದೆಹಲಿಯ ಡೈನಮೋಸ್ ತಂಡ 2019ರಲ್ಲಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಗಿತ್ತು. ಬಾಡಿಗೆದಾರರು ಮನೆ ಬದಲಿಸುವಾಗ ಪಕ್ಕದ ಮನೆಯವರಿಗಾದರೂ ಒಂದು ಮಾತು ಹೇಳುತ್ತಾರೆ. ನಾಳೆ ಬೆಂಗಳೂರು ಎಫ್‌ಸಿ ಬೇರೆ ಊರಿಗೆ ಹೋಗಿ ಬೇರೆ ಹೆಸರಿಟ್ಟುಕೊಂಡರೆ ತಡೆಯಲು ನಮ್ಮ ಬಳಿ ಯಾವ ಕಾಗದವಿದೆ? ಟಿಕೆಟ್ಟಿನ ಅರ್ಧ ತುಂಡು ಮತ್ತು ನೀಲಿ ಜೆರ್ಸಿ, ಅಷ್ಟೆ.

ಇಲ್ಲಿ ಹಳೆಯದನ್ನು ಹೊಗಳುವ ಚಾಳಿಗೆ ಬೀಳಬಾರದು. ಆದರೂ ನೆನಪಿಸಲೇಬೇಕು. 1937 ಮತ್ತು 1938ರಲ್ಲಿ ಬ್ರಿಟಿಷ್ ಪಡೆಗಳ ತಂಡಗಳೇ ಮೆರೆಯುತ್ತಿದ್ದ ಬೊಂಬಾಯಿಯ ರೋವರ್ಸ್ ಕಪ್ ಎತ್ತಿದ್ದು ಬೆಂಗಳೂರ್ ಮುಸ್ಲಿಮ್ಸ್ ಎಂಬ ತಂಡ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು, ಅದೇ ತಂಡದ ಅಹ್ಮದ್ ಖಾನರೂ ಇಲ್ಲಿಯವರು. ಅಹ್ಮದ್ ಖಾನ್ ಆಮೇಲೆ ಈಸ್ಟ್ ಬೆಂಗಾಲ್ ಸೇರಿ ಅಲ್ಲಿನವರ ಕಣ್ಮಣಿಯಾದರು. ಅಂದರೆ ಟ್ರಾನ್ಸ್‌ಫರ್ ಹೊಸದೇನಲ್ಲ. ಆಟಗಾರ ಊರು ಬಿಡುತ್ತಿದ್ದ, ತಂಡ ಬಿಡುತ್ತಿರಲಿಲ್ಲ. ಆಮೇಲಿನ ಕಾಲದಲ್ಲಿ ಐಟಿಐ, ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ಯಮಗಳು ತಂಡ ಕಟ್ಟಿದವು. ಚೆನ್ನಾಗಿ ಆಡುವ ಬಡಹುಡುಗನಿಗೆ ಪಿಂಚಣಿ ಇರುವ ನೌಕರಿ ಸಿಗುತ್ತಿತ್ತು, ಕಾಲು ಮುರಿದರೂ ಮನೆ ಮುರಿಯುತ್ತಿರಲಿಲ್ಲ. ಎಚ್‌ಎಎಲ್ ತಂಡ ಐ-ಲೀಗಿನವರೆಗೂ ಹೋಗಿ 2012ರಲ್ಲಿ ಕೆಳಗಿಳಿಯಿತು. 2023ರ ಫೆಬ್ರವರಿ 6ರಂದು ಅದೇ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಉದ್ಘಾಟನೆಯಾಯಿತು. ಹೆಲಿಕಾಪ್ಟರ್ ಹಾರುವುದನ್ನು ಕತ್ತೆತ್ತಿ ನೋಡುವ ಗುಬ್ಬಿಯ ಹುಡುಗರಿಗಾಗಿ, ಆ ಎಕರೆಗಳಲ್ಲಿ ಎರಡನ್ನು ಚೆಂಡಾಟಕ್ಕೆ ಕೇಳಿದ ಜನಪ್ರತಿನಿಧಿಯೊಬ್ಬರನ್ನೂ ನಾವು ಕಂಡಿಲ್ಲ. ನಾವೂ ಕೇಳಲಿಲ್ಲ, ಟ್ರಾನ್ಸ್‌ಫರ್ ಸುದ್ದಿ ಓದುತ್ತಿದ್ದೆವು.

ಗುಬ್ಬಿಯ ಮೇಷ್ಟರು ಇಲ್ಲಿ ತಕರಾರು ತೆಗೆಯುತ್ತಾರೆ: "ನಮ್ಮೂರಿನ ನಾಟಕ ಕಂಪನಿಗೂ ಮಾಲೀಕರಿದ್ರು ಸಾರ್. ವೀರಣ್ಣನೋರು ಮಾಲೀಕರೇ ಅಲ್ವಾ? ನಟರು ಆ ಕಂಪನಿಯಿಂದ ಈ ಕಂಪನಿಗೆ ಹಾರ್ತಿರ್ಲಿಲ್ವಾ?" ಹೌದು. 1884ರಲ್ಲಿ ಶುರುವಾದ ಆ ಕಂಪನಿ ಡೇರೆ ಹೊತ್ತು ಊರೂರು ತಿರುಗಿತು. ಆದರೆ ವೀರಣ್ಣ ಸ್ವತಃ ಬಣ್ಣ ಹಚ್ಚಿ ರಂಗಕ್ಕೆ ಇಳಿಯುತ್ತಿದ್ದ ಮಾಲೀಕ. ಜನ ಸೀಟಿ ಹೊಡೆದರೂ ಬೈದರೂ ಅದು ಅವರ ಕಿವಿಗೇ ಬೀಳುತ್ತಿತ್ತು. ಇಂದಿನ ಮಾಲೀಕರ ಕಿವಿ ಎಲ್ಲಿದೆ? ಕಂಠೀರವದಲ್ಲಂತೂ ಪ್ರೇಕ್ಷಕನಿಗೂ ಚೆಂಡಿಗೂ ನಡುವೆ ಓಟದ ಟ್ರ್ಯಾಕು ಬೇರೆ.

ನಮ್ಮ ಸಮುದಾಯಕ್ಕೂ ಒಂದು ಮಾತು. 2024ರಲ್ಲಿ ಕೋಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್ ಐಎಸ್‌ಎಲ್‌ಗೆ ಬಂದಾಗ ನಮ್ಮ ಮೊಹಲ್ಲಾಗಳಲ್ಲೂ ಎದೆ ಉಬ್ಬಿತು. 1934ರಿಂದ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದ ಕಥೆಯನ್ನು ಮೊಬೈಲಿನಿಂದ ಮೊಬೈಲಿಗೆ ಸಾಗಿಸಿದೆವು. ಮೊದಲ ಋತುವಿನಲ್ಲೇ ತಂಡ ಕೊನೆಯ ಸ್ಥಾನಕ್ಕೆ ಬಿತ್ತು, ಹೂಡಿಕೆದಾರರಿಗೂ ಕ್ಲಬ್ಬಿನವರಿಗೂ ಜಗಳವಾಯಿತು, ಆಟಗಾರರು ಸಂಬಳಕ್ಕಾಗಿ ಅಭ್ಯಾಸ ಬಿಟ್ಟು ಕೂತರು. ಆಗ ಮೊಬೈಲುಗಳು ಮೂಕವಾದವು. ಹೆಸರು ನಮ್ಮದೆಂದು ಹೆಮ್ಮೆ ಪಡುವುದಾದರೆ ಬಾಕಿಯೂ ನಮ್ಮದೆಂದು ಮಾತಾಡಬೇಕಿತ್ತು.

ಅಭಿಮಾನಿ ಏನು ಮಾಡಬಲ್ಲ ಎಂದು ಕೇಳುವವರಿಗೆ 2023ರ ಮಾರ್ಚ್ 18ರ ರಾತ್ರಿಯನ್ನು ನೆನಪಿಸುತ್ತೇವೆ. ಗೋವಾದ ಫತೋರ್ಡಾದಲ್ಲಿ ಫೈನಲ್, ನಮ್ಮ ತಂಡ ಎಟಿಕೆ ಮೋಹನ್ ಬಗಾನ್ ವಿರುದ್ಧ 2-2 ಸಮ ಮಾಡಿ ಪೆನಾಲ್ಟಿಯಲ್ಲಿ ಸೋತಿತು. ನಾವು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಅತ್ತ ಅವರ ಮಾಲೀಕರು, ಇನ್ನು ಮುಂದೆ ಹೆಸರಿನಲ್ಲಿ ಎಟಿಕೆ ಇರುವುದಿಲ್ಲ ಎಂದು ಸಾರಿದರು. 2020ರಲ್ಲಿ ಅಂಟಿಸಿದ ಆ ಮೂರಕ್ಷರ ಕೀಳಲು ಬಗಾನ್ ಅಭಿಮಾನಿಗಳು ಮೂರು ವರ್ಷ ಬ್ಯಾನರ್ ಹಿಡಿದಿದ್ದರು, ಬೀದಿಗಿಳಿದಿದ್ದರು, ಸ್ಟೇಡಿಯಂ ಬಹಿಷ್ಕರಿಸಿದ್ದರು. ನಾವು ಆ ರಾತ್ರಿ ಯಾರು ಪೆನಾಲ್ಟಿ ತಪ್ಪಿಸಿದರು ಎಂದಷ್ಟೇ ಜಗಳವಾಡಿದೆವು. ಜರ್ಮನಿಯಲ್ಲಿ, ಕೆಲವು ಅಪವಾದ ಬಿಟ್ಟರೆ, ಕ್ಲಬ್ಬಿನ ಅರ್ಧಕ್ಕಿಂತ ಒಂದಾದರೂ ಹೆಚ್ಚು ಮತ ಸದಸ್ಯರ ಕೈಯಲ್ಲಿರಬೇಕು. ಬಾರ್ಸಿಲೋನಾದ ಅಧ್ಯಕ್ಷನನ್ನು ಸದಸ್ಯರೇ ಆರಿಸುತ್ತಾರೆ. 2021ರ ಏಪ್ರಿಲ್‌ನಲ್ಲಿ ಯುರೋಪಿನ ಧನಿಕ ಕ್ಲಬ್ಬುಗಳು ತಮ್ಮದೇ ಸೂಪರ್ ಲೀಗ್ ಮಾಡಹೊರಟಾಗ ಇಂಗ್ಲೆಂಡಿನ ಅಭಿಮಾನಿಗಳ ಕೂಗಿಗೆ ಅಲ್ಲಿನ ಆರೂ ಕ್ಲಬ್ಬುಗಳು ಎರಡು ದಿನದಲ್ಲಿ ಹಿಂದೆ ಸರಿದವು.

ನಾವು ಕಂಪನಿಯನ್ನು ಕಸಿಯಲು ಹೊರಟಿಲ್ಲ. ಮಂಡಳಿಯಲ್ಲಿ ಅಭಿಮಾನಿಗಳು ಆರಿಸಿ ಕಳಿಸಿದ ಒಬ್ಬರಿಗೆ ಕುರ್ಚಿ ಕೊಡಲಿ. ಅಭಿಮಾನಿಗಳನ್ನು ಕೇಳದೆ ಹೆಸರು, ಬಣ್ಣ, ಊರು ಬದಲಿಸುವುದಿಲ್ಲವೆಂದು ಬರೆದುಕೊಡಲಿ. ಲೀಗ್ ನಿಂತರೂ ಆರು ತಿಂಗಳ ಸಂಬಳ ಸಿಗುವಂತೆ ಠೇವಣಿ ಇಡುವ ನಿಯಮವನ್ನು ಫೆಡರೇಷನ್ ತರಲಿ. ಇನ್ನೊಂದು ನಮ್ಮ ಸ್ವಾರ್ಥ: ವರ್ಷಕ್ಕೊಮ್ಮೆಯಾದರೂ ಕಿರಿಯರ ತಂಡವನ್ನು ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ಕರೆತಂದು ಆಡಿಸಲಿ. ಎಪ್ಪತ್ತು ಕಿಲೋಮೀಟರ್ ದೂರದಿಂದ ನಾವು ಹೋಗುತ್ತಲೇ ಇದ್ದೇವೆ, ಒಮ್ಮೆ ಅವರು ಬರಲಿ.

ಹೀಗೆಂದು ಒಂದು ಪತ್ರ ಬರೆಯೋಣವೆಂದು ಕಳೆದ ವಾರ ಅಂಗಡಿಯಲ್ಲಿ ಪ್ರಸ್ತಾಪ ಇಟ್ಟೆವು. ಮೇಷ್ಟರು ಒಕ್ಕಣೆ ತಿದ್ದಿದರು. ಕುಣಿಗಲ್‌ನವನು ತನ್ನೂರಿನಿಂದ ಮೂವತ್ತು ಸಹಿ ತರುತ್ತೇನೆಂದ. ವೆಲ್ಡಿಂಗ್ ಹುಡುಗ ಮಾತ್ರ ಕಾಗದವನ್ನು ಹಿಂದೆಮುಂದೆ ತಿರುಗಿಸಿ ನೋಡಿ, "ಎಲ್ಲಾ ಸರಿ ಭಾಯ್, ಕೊನೆಗೆ ಒಂದ್ ಒಳ್ಳೆ ಮಿಡ್‌ಫೀಲ್ಡರ್ ಬೇಕು ಅಂತಾನೂ ಸೇರಿಸ್‌ಬಿಡಿ" ಅಂದ. ಸೇರಿಸಿದ್ದೇವೆ.