ದಿನಕ್ಕೆ ಆರು ಗ್ಲಾಸ್: ಈ ಮಿತಿ ಯಾರಿಗಾಗಿ?

ಕಳೆದ ರಜೆಗೆ ಮೊದಲು, ನನ್ನ ಬಳಿ ಚಿಕಿತ್ಸೆಗೆ ಬರುವ ಒಂದು ಕುಟುಂಬ ಔಷಧದ ಜೊತೆಗೆ ಒಂದು ಪ್ರಶ್ನೆಯನ್ನೂ ತಂದಿತ್ತು. ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ಅವರ ಸಹೋದರ ಎಲ್ಲರನ್ನೂ ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಕರೆದೊಯ್ಯುವ ಯೋಜನೆ ಹಾಕಿದ್ದರು. ಪ್ಯಾಕೇಜ್ 'ಆಲ್ ಇನ್‌ಕ್ಲೂಸಿವ್' ಮಾದರಿಯದು. ವಿಮಾನ, ಕೋಣೆ, ಮೂರು ಹೊತ್ತಿನ ಊಟ, ಕುಡಿಯಲು ಏನು ಬೇಕೋ ಅದು, ಎಲ್ಲವೂ ಒಂದೇ ಹಣದಲ್ಲಿ. "ಹಕೀಮರೇ, ನಾವಂತೂ ಮದ್ಯ ಮುಟ್ಟುವವರಲ್ಲ. ಅಲ್ಲಿ ಈಗ ಸರಕಾರವೇ ದಿನಕ್ಕೆ ಆರು ಗ್ಲಾಸ್ ಎಂದು ಮಿತಿ ಹಾಕಿದೆಯಂತೆ. ಹಾಗಾದರೆ ವಾತಾವರಣ ಪರವಾಗಿಲ್ಲ ತಾನೇ?" ಎಂದು ಮನೆಯ ಯಜಮಾನರು ಕೇಳಿದರು. ಪಕ್ಕದಲ್ಲಿದ್ದ 17 ವರ್ಷದ ಮಗ ಮೆಲ್ಲಗೆ ಸೇರಿಸಿದ: "ಆರು ಅಂದ್ರೆ ಸೇಫ್ ಅಂತ ಡಾಕ್ಟರುಗಳೇ ಹೇಳಿರಬೇಕಲ್ವಾ?"

ತಂದೆಯ ಪ್ರಶ್ನೆಗಿಂತ ಮಗನ ಮಾತು ನನ್ನನ್ನು ಹೆಚ್ಚು ಕಾಡಿತು. ಸರಕಾರವೊಂದು ಸಂಖ್ಯೆಯನ್ನು ಹೇಳಿದ ಕೂಡಲೇ ಅದು ವೈದ್ಯರ ಸಂಖ್ಯೆಯೆಂದು ಒಬ್ಬ ಹುಡುಗ ನಂಬಿಬಿಟ್ಟಿದ್ದ. ಅವನೊಬ್ಬನೇ ಹಾಗೆ ನಂಬಿದವನಲ್ಲ. ಆದ್ದರಿಂದ ಆ ನಿಯಮ ಏನು, ಯಾತಕ್ಕಾಗಿ ಬಂತು, ಅದನ್ನು ನಾವು ಹೇಗೆ ನೋಡಬೇಕು ಎಂಬುದನ್ನು ಬಿಡಿಸಿ ಹೇಳುವುದು ಅಗತ್ಯವೆನಿಸಿತು.

ನಿಯಮ ಹೇಳುವುದೇನು?

ಮಯೋರ್ಕಾ, ಇಬೀಝಾ ಮುಂತಾದವು ಸೇರಿದ ಬಾಲಿಯಾರಿಕ್ ದ್ವೀಪಗಳ ಪ್ರಾದೇಶಿಕ ಸರಕಾರ 2020ರ ಜನವರಿಯಲ್ಲಿ ಒಂದು ಆದೇಶ ಹೊರಡಿಸಿತು. ಮಯೋರ್ಕಾದ ಮಗಲುಫ್ ಮತ್ತು ಪ್ಲಾಯಾ ದೆ ಪಾಲ್ಮಾ, ಇಬೀಝಾದ ಸಾಂಟ್ ಆಂಟೋನಿ, ಈ ಸ್ಥಳಗಳ ಗುರುತಿಸಿದ ಪ್ರದೇಶಗಳಲ್ಲಿರುವ ಹೋಟೆಲುಗಳಿಗೆ ಅದು ಅನ್ವಯ. ಅಲ್ಲಿ ಪ್ಯಾಕೇಜಿನ ಹಣದಲ್ಲಿ ಒಬ್ಬರಿಗೆ ದಿನಕ್ಕೆ ಆರು ಮದ್ಯಪಾನೀಯ ಮಾತ್ರ ಕೊಡಬಹುದು. ಮಧ್ಯಾಹ್ನದ ಊಟಕ್ಕೆ ಮೂರು, ರಾತ್ರಿಯ ಊಟಕ್ಕೆ ಮೂರು. 'ಹ್ಯಾಪಿ ಅವರ್', ಒಂದು ಕೊಂಡರೆ ಇನ್ನೊಂದು ಉಚಿತ ಎಂಬ ಕೊಡುಗೆಗಳು, ಬಾರಿನಿಂದ ಬಾರಿಗೆ ಗುಂಪು ಕರೆದೊಯ್ಯುವ ಪ್ರವಾಸಗಳು ನಿಷಿದ್ಧ. ಅಂಗಡಿಗಳು ರಾತ್ರಿ 9.30ರಿಂದ ಬೆಳಿಗ್ಗೆ 8ರ ತನಕ ಮದ್ಯ ಮಾರುವಂತಿಲ್ಲ. ನಿಯಮ ಮೀರಿದರೆ ದಂಡ 6 ಲಕ್ಷ ಯುರೋವರೆಗೆ ಹೋಗಬಹುದು. 2024ರಲ್ಲಿ ಬೀದಿಯಲ್ಲಿ ಕುಡಿಯುವುದರ ಮೇಲೂ ಪಾರ್ಟಿ ದೋಣಿಗಳ ಮೇಲೂ ಕ್ರಮಗಳನ್ನು ಇನ್ನಷ್ಟು ಬಿಗಿಗೊಳಿಸಲಾಯಿತು.

ಇಷ್ಟು ಕಠಿಣ ಆದೇಶ ಏಕೆ ಬೇಕಾಯಿತು? ಪಾಲ್ಮಾ ನಗರದ ಸೋನ್ ಎಸ್ಪಾಸೆಸ್ ಆಸ್ಪತ್ರೆಯ ಶಸ್ತ್ರವೈದ್ಯರು 2010ರಿಂದ 2015ರ ನಡುವೆ ತಮ್ಮಲ್ಲಿಗೆ ಬಂದ 46 ರೋಗಿಗಳ ವಿವರವನ್ನು ಪ್ರಕಟಿಸಿದ್ದಾರೆ. ಇವರೆಲ್ಲ ಹೋಟೆಲಿನ ಬಾಲ್ಕನಿಯಿಂದ ಬಿದ್ದವರು. ಕೆಲವರು ಈಜುಕೊಳಕ್ಕೆ ಹಾರಲು ಹೋದವರು, ಕೆಲವರು ಒಂದು ಬಾಲ್ಕನಿಯಿಂದ ಇನ್ನೊಂದಕ್ಕೆ ದಾಟಲು ಹೋದವರು. ಸರಾಸರಿ ವಯಸ್ಸು 24. ಬಹುತೇಕ ಎಲ್ಲರೂ ಗಂಡುಮಕ್ಕಳು, ಬಹುತೇಕ ಎಲ್ಲರೂ ಮದ್ಯ ಸೇವಿಸಿದ್ದರು. ಯಾವುದೋ ತಾಯಿ ವಿಮಾನ ನಿಲ್ದಾಣದವರೆಗೆ ಹೋಗಿ ಬೀಳ್ಕೊಟ್ಟ ಮಕ್ಕಳು ಅವರು. 2020ರ ಆದೇಶ ಈ ಬಾಲ್ಕನಿ ಹುಚ್ಚಾಟವನ್ನೂ ನಿಷೇಧಿಸಿದೆ. ಹಾಗೆ ಮಾಡಿದವರನ್ನು ಹೋಟೆಲಿನಿಂದ ಹೊರಗೆ ಹಾಕಲೇಬೇಕು.

ಆದ್ದರಿಂದ ಆ ಸರಕಾರವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮದ್ಯದಿಂದಲೇ ದೊಡ್ಡ ವರಮಾನ ಪಡೆಯುವ ಪ್ರವಾಸೋದ್ಯಮದ ಮುಂದೆ ನಿಂತು 'ಇಷ್ಟು ಸಾಕು' ಎನ್ನಲು ಧೈರ್ಯ ಬೇಕು. ಕಡಿಮೆ ಕುಡಿದರೆ ಹಾನಿಯೂ ಕಡಿಮೆ ಎಂಬುದು ನಿಜ. ಆದರೆ ಒಂದು ಮಾತನ್ನು ಗಮನಿಸಬೇಕು. ಇದು ಬೀದಿಯ ಶಿಸ್ತಿಗೆ ಹಾಕಿದ ಮಿತಿ, ದೇಹದ ಆರೋಗ್ಯಕ್ಕೆ ಹಾಕಿದ ಮಿತಿಯಲ್ಲ. ಏಳನೆಯ ಗ್ಲಾಸನ್ನು ಅದು ತಡೆಯುವುದೂ ಇಲ್ಲ. ಏಳನೆಯದಕ್ಕೆ ಬೇರೆ ಹಣ ಕೊಡಬೇಕು, ಅಷ್ಟೇ.

ಪಿತ್ತಜನಕಾಂಗದ ಲೆಕ್ಕ

ಆ ಹುಡುಗನ ಮುಂದೆ ಒಂದು ಕಾಗದ ಇಟ್ಟು ಲೆಕ್ಕ ಮಾಡಿದೆ. ಬ್ರಿಟನ್ನಿನ ವೈದ್ಯಾಧಿಕಾರಿಗಳು 2016ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಕುಡಿಯುವವರು ವಾರಕ್ಕೆ 14 ಯೂನಿಟ್ ಮೀರಬಾರದು. ಒಂದು ಯೂನಿಟ್ ಎಂದರೆ 8 ಗ್ರಾಂ ಶುದ್ಧ ಆಲ್ಕೋಹಾಲ್. ಶೇ. 4ರ ಒಂದು ಪೈಂಟ್ ಬಿಯರಿನಲ್ಲಿ ಸುಮಾರು 2.3 ಯೂನಿಟ್ ಇರುತ್ತದೆ. ಆರು ಪೈಂಟ್ ಎಂದರೆ ಹತ್ತಿರ ಹತ್ತಿರ 14. ಅಂದರೆ ವಾರದ ಗರಿಷ್ಠ ಪಾಲು ಒಂದೇ ದಿನಕ್ಕೆ ಮುಗಿಯಿತು. ಬಿಯರ್ ಬಿಟ್ಟು 25 ಮಿಲಿ ಅಳತೆಯ ವಿಸ್ಕಿ ಎಂದೇ ಇಟ್ಟುಕೊಳ್ಳಿ, ಒಂದಕ್ಕೆ ಒಂದು ಯೂನಿಟ್. ದಿನಕ್ಕೆ ಆರರಂತೆ ಏಳು ದಿನಕ್ಕೆ 42 ಯೂನಿಟ್, ಸಲಹೆಯ ಮೂರು ಪಟ್ಟು.

ನಮ್ಮ ಯುನಾನಿ ವೈದ್ಯದಲ್ಲಿ ಜಿಗರ್, ಅಂದರೆ ಪಿತ್ತಜನಕಾಂಗ, ದೇಹದ ಮುಖ್ಯ ಅಂಗಗಳಲ್ಲಿ ಒಂದು. ಅದು ಸುಮಾರಾಗಿ ಗಂಟೆಗೆ ಒಂದು ಯೂನಿಟ್ ಆಲ್ಕೋಹಾಲನ್ನು ಮಾತ್ರ ವಿಲೇವಾರಿ ಮಾಡಬಲ್ಲದು. ಮಧ್ಯಾಹ್ನದ ಮೂರು ಪೈಂಟ್ ಕರಗುವಷ್ಟರಲ್ಲಿ ರಾತ್ರಿಯ ಊಟದ ಹೊತ್ತು. ರಾತ್ರಿಯ ಮೂರು ಕರಗುವಾಗ ಫಜ್ರ್ ಹತ್ತಿರ. ರಜೆ ಯಜಮಾನನಿಗೆ, ದುಡಿತ ಜಿಗರಿಗೆ!

ಹಾಗಾದರೆ ಎಷ್ಟು ಸುರಕ್ಷಿತ? ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ: ಆರೋಗ್ಯಕ್ಕೆ ಸುರಕ್ಷಿತವಾದ ಮದ್ಯದ ಪ್ರಮಾಣ ಎಂಬುದೇ ಇಲ್ಲ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ತಂಬಾಕಿನ ಸಾಲಿಗೆ, ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತ್ತು. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಪಿತ್ತಜನಕಾಂಗ, ದೊಡ್ಡ ಕರುಳು, ಸ್ತನ: ಈ ಏಳು ಕಡೆಯ ಕ್ಯಾನ್ಸರಿಗೂ ಮದ್ಯಕ್ಕೂ ಸಂಬಂಧವಿದೆ.

ಪವಿತ್ರ ಕುರ್‌ಆನ್ ಮದ್ಯದಲ್ಲಿ ಜನರಿಗೆ ಏನೋ ಪ್ರಯೋಜನವಿದೆ ಎಂಬುದನ್ನು ಅಲ್ಲಗಳೆಯಲಿಲ್ಲ. ಆದರೆ ಅದರ ಪಾಪ ಪ್ರಯೋಜನಕ್ಕಿಂತ ದೊಡ್ಡದೆಂದು ತಿಳಿಸಿತು. ಮುಂದೆ ಅಮಲಿನಲ್ಲಿ ನಮಾಝಿನ ಬಳಿ ಸುಳಿಯಬಾರದೆಂದಿತು. ಕೊನೆಗೆ ಸಂಪೂರ್ಣವಾಗಿ ದೂರವಿರಲು ಆಜ್ಞಾಪಿಸಿತು. ಅಲ್ಲಿಯೂ ಹಂತಗಳಿದ್ದವು ನಿಜ, ಆದರೆ ಹಂತಗಳು ಕೊನೆಗೊಂಡದ್ದು ಸೊನ್ನೆಯಲ್ಲಿ. ಹೆಚ್ಚಾದರೆ ಅಮಲೇರಿಸುವ ವಸ್ತುವಿನ ಅಲ್ಪವೂ ನಿಷಿದ್ಧವೆಂದು ಪ್ರವಾದಿ(ಸ) ಕಲಿಸಿದರು. "ಇಬ್ನ್ ಸೀನಾ ಕೂಡ ಶರಾಬಿನ ಗುಣಗಳನ್ನು ಬರೆದಿದ್ದಾರಲ್ಲ" ಎಂದು ಕೆಲವು ಯುವಕರು ನನ್ನನ್ನು ಕೆಣಕುವುದುಂಟು. ಬರೆದಿದ್ದಾರೆ, ನಾನು ಮುಚ್ಚಿಡುವುದಿಲ್ಲ. ಸಾವಿರ ವರ್ಷದ ಹಿಂದಿನ ವೈದ್ಯರಿಗೆ ಕ್ಯಾನ್ಸರಿನ ಈ ಲೆಕ್ಕ ತಿಳಿದಿರಲಿಲ್ಲ. ನಮಗೆ ತಿಳಿದಿದೆ. ತಿಳಿದ ಮೇಲೂ ಹಳೆಯ ಪುಟವನ್ನು ನೆಪವಾಗಿಸಿದರೆ ಅದು ವೈದ್ಯವೂ ಅಲ್ಲ, ಗೌರವವೂ ಅಲ್ಲ.

ನಮ್ಮ ಮನೆಯ ಮಿತಿಗಳು

ಇಲ್ಲಿಯವರೆಗೆ ಓದಿ 'ಇದು ಯುರೋಪಿನವರ ಸಮಸ್ಯೆ' ಎಂದು ನೆಮ್ಮದಿಪಡಬೇಡಿ. 'ಮಿತಿ'ಯ ಭಾಷೆ ನಮ್ಮ ಮನೆಗಳಿಗೂ ಬಂದಿದೆ. "ಬಿಯರ್ ಮಾತ್ರ", "ಗೆಳೆಯರ ಜೊತೆ ಗೋವಾಕ್ಕೆ ಹೋದಾಗ ಮಾತ್ರ", "ತಿಂಗಳಿಗೊಮ್ಮೆ ಮಾತ್ರ" ಎಂದು ಬಾಗಿಲು ಮುಚ್ಚಿದ ಮೇಲೆ ಹೇಳುವ ಯುವಕರನ್ನು ನಾನು ಕಾಣುತ್ತೇನೆ. ತಂದೆ ಹೊರಗೆ ಕುಳಿತಿದ್ದರೆ ಅದನ್ನೂ ಹೇಳುವುದಿಲ್ಲ. ಪಾಪವೆಂಬ ಭಯ ಒಳ್ಳೆಯದು, ಆದರೆ ಅವಮಾನದ ಭಯದಿಂದ ವೈದ್ಯರಿಗೇ ಸುಳ್ಳು ಹೇಳಿದರೆ ಅಪಾಯ. ಕುಡಿಯುವವರಿಗೆ ಸಾಮಾನ್ಯ ಪ್ಯಾರಸಿಟಮಾಲ್ ಕೂಡ ಜಿಗರಿಗೆ ಹೆಚ್ಚು ಹಾನಿ ಮಾಡಬಹುದು. ಇನ್ನು ಕುಡಿತ ಮುಂದುವರಿಸಿಕೊಂಡು ಕಾಸ್ನಿಯ ಅರ್ಕ್ ಕುಡಿದರೆ ಜಿಗರ್ ಸರಿಹೋಗುತ್ತದೆ ಎಂಬ ಆಸೆ ಬೇಡ. ಅಂಥ ಔಷಧ ನನ್ನ ಕಪಾಟಿನಲ್ಲಿಲ್ಲ.

ಇನ್ನೊಂದು ಮಾತು, ಬಹಳ ಮುಖ್ಯವಾದದ್ದು. ದಿನವೂ ಹೆಚ್ಚು ಕುಡಿಯುತ್ತಿದ್ದ ವ್ಯಕ್ತಿ ಮನೆಯವರ ಒತ್ತಾಯಕ್ಕೆ ಒಂದೇ ದಿನ ಪೂರ್ತಿ ನಿಲ್ಲಿಸಿದರೆ, ಒಂದೆರಡು ದಿನಗಳಲ್ಲೇ ಕೈನಡುಕ, ಫಿಟ್ಸ್ ಬರಬಹುದು. ಎರಡು ಮೂರು ದಿನಗಳಲ್ಲಿ ಭ್ರಮೆ, ತೀವ್ರ ಗೊಂದಲ ಕಾಣಿಸಬಹುದು. ಇದು ಜಿನ್ನ್ ಬಾಧೆಯಲ್ಲ, ನಾಟಕವೂ ಅಲ್ಲ, ಜೀವಕ್ಕೇ ಅಪಾಯ ತರುವ ಸ್ಥಿತಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ತೌಬಾ ಇಂದೇ ಆಗಲಿ, ಬಿಡಿಸುವ ಕ್ರಮ ಮಾತ್ರ ವೈದ್ಯರ ಕಣ್ಣೆದುರಿನಲ್ಲಿ ನಡೆಯಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಮುಕ್ತಿಗೆಂದೇ ಪ್ರತ್ಯೇಕ ವಿಭಾಗವಿದೆ. ಎಲ್ಲಿಂದ ಆರಂಭಿಸಬೇಕೆಂದು ತಿಳಿಯದಿದ್ದರೆ ಸರಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ರಜೆ ಬೇಡವೇ?

ಬೇಕು. ಆರೋಗ್ಯ ಕಾಪಾಡಲು ಯುನಾನಿಯಲ್ಲೂ ಆರರ ಲೆಕ್ಕವಿದೆ: ಗಾಳಿ, ಆಹಾರ ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಮತ್ತು ಹೊರಹೋಗಬೇಕಾದದ್ದು. ಒಳ್ಳೆಯ ಪ್ರವಾಸ ಈ ಆರನ್ನೂ ಸರಿಪಡಿಸುತ್ತದೆ. 'ಹಣ ಕೊಟ್ಟಾಗಿದೆ, ಬಿಡುವುದೇಕೆ' ಎಂಬ ಮನೋಭಾವ ಆರನ್ನೂ ಕೆಡಿಸುತ್ತದೆ. ಕುಡಿಯದ ನಾವು ಬಫೆಯ ಮುಂದೆ ನಿಂತಾಗಲೂ ಈ ಮಾತು ನೆನಪಿರಲಿ. ಅಲ್ಲಿ ನಾವು ತಟ್ಟೆಗಳನ್ನು ಎಣಿಸುವುದಿಲ್ಲ, ಮರಳಿ ಬಂದ ಮೇಲೆ ಸಕ್ಕರೆಯ ಅಂಶ ಎಣಿಸುತ್ತೇವೆ.

ನನ್ನ ಸಲಹೆ ಇಷ್ಟು. ಮಿತಿಯನ್ನು ಹೋಟೆಲಿನ ಬಾರಿನಲ್ಲಿ ಹುಡುಕಬೇಡಿ, ಟಿಕೆಟ್ ಕಾದಿರಿಸುವ ಮೊದಲೇ ಮನೆಯಲ್ಲಿ ನಿರ್ಧರಿಸಿ. ಮದ್ಯ ಸೇರಿದ ಪ್ಯಾಕೇಜಿನ ಬದಲು ಕೋಣೆ ಮತ್ತು ಉಪಾಹಾರ ಮಾತ್ರ ಇರುವುದನ್ನು ಕೇಳಿ. ಇತರರ ಮದ್ಯದ ಬೆಲೆಯನ್ನು ನಾವೇಕೆ ಹಂಚಿಕೊಳ್ಳಬೇಕು? ಟರ್ಕಿಯ ಅಂಟಾಲ್ಯ, ಅಲಾನ್ಯ ಕಡೆ ಮದ್ಯವಿಲ್ಲದ ಕುಟುಂಬ ಹೋಟೆಲುಗಳಿವೆ. ಮಾಲ್ದೀವ್ಸ್‌ನಲ್ಲಿ ರೆಸಾರ್ಟ್ ದ್ವೀಪಗಳಲ್ಲಿ ಮದ್ಯವಿದೆ, ಜನವಸತಿಯ ದ್ವೀಪಗಳ ಅತಿಥಿಗೃಹಗಳಲ್ಲಿ ಇಲ್ಲ. ಎಲ್ಲಿಗೆ ಹೋದರೂ ಸಿಹಿತಿಂಡಿಯಲ್ಲಿ ರಮ್, ಸಾರಿನಲ್ಲಿ ವೈನ್ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಯುರೋಪಿನ ಹಲವೆಡೆ ಶೇ. 0.5ರವರೆಗೆ ಆಲ್ಕೋಹಾಲ್ ಇರುವ ಬಿಯರನ್ನೂ 'ಆಲ್ಕೋಹಾಲ್ ರಹಿತ' ಎಂದೇ ಮಾರುತ್ತಾರೆ, ಹೆಸರು ನೋಡಿ ಮೋಸಹೋಗಬೇಡಿ. ಮದ್ಯ ಹಂಚುವ ಮೇಜಿನಲ್ಲಿ ಕುಳಿತುಕೊಳ್ಳಬಾರದೆಂಬ ಪ್ರವಾದಿವರ್ಯರ(ಸ) ಎಚ್ಚರಿಕೆಯನ್ನು ಮಕ್ಕಳಿಗೆ ಗದರಿಸಿ ಅಲ್ಲ, ಕಾರಣ ವಿವರಿಸಿ ಹೇಳಿ. ಜೊತೆಗೆ, ಕುಡಿಯುವವರನ್ನು ಕೀಳಾಗಿ ಕಾಣಬಾರದೆಂದೂ ಹೇಳಿ. ಆ ಬಾಲ್ಕನಿಯಿಂದ ಬಿದ್ದವರೂ ಯಾರದೋ ಮಕ್ಕಳು.

ಆ ಕುಟುಂಬ ಪ್ರವಾಸವನ್ನು ರದ್ದು ಮಾಡಲಿಲ್ಲ. ಆರು ಗ್ಲಾಸಿನ ನಿಯಮ ಬೇಕಾದದ್ದು ಕೆಲವೇ ಬೀದಿಗಳಿಗೆ, ಇಡೀ ದ್ವೀಪಕ್ಕಲ್ಲ. ಅವರು ಬೇರೆ ಕಡೆ ಅಡುಗೆಮನೆಯಿರುವ ಬಾಡಿಗೆ ಮನೆ ಹಿಡಿದರು. ಸುಮಾರು ಮೂರು ಶತಮಾನ, 1229ರವರೆಗೆ, ಪಾಲ್ಮಾ ಮುಸ್ಲಿಮರ ಮದೀನಾ ಮಯೂರ್ಕಾ ಆಗಿತ್ತು. ಅಂದಿನ ಹಮಾಮಿನ ಅವಶೇಷ ಇಂದಿಗೂ ಅಲ್ಲಿದೆ. ಮರಳಿದ ಮೇಲೆ ಹುಡುಗ ಅದರ ಚಿತ್ರ ತೋರಿಸಲು ಬಂದ. ಸ್ನಾನಕ್ಕೂ ಶುಚಿತ್ವಕ್ಕೂ ಎಂಟು ನೂರು ವರ್ಷಗಳ ಹಿಂದೆ ಅಷ್ಟು ಚೆಂದದ ಕಟ್ಟಡ ಕಟ್ಟಿದ್ದರೇ ಎಂದು ಅವನಿಗೆ ಬೆರಗು.

ಹೊರಡುವಾಗ ಕೇಳಿದೆ: "ಹಾಗಾದರೆ ಎಷ್ಟು ಸೇಫ್?" ಅವನು ನಗುತ್ತಾ ಬೆರಳುಗಳನ್ನು ಸೇರಿಸಿ ಸೊನ್ನೆ ತೋರಿಸಿದ. ಮುಂದಿನ ವರ್ಷ ಅವನಿಗೆ 18 ತುಂಬುತ್ತದೆ. ಆಗ ಯಾವ ದೇಶದ ಯಾವ ಹೋಟೆಲಿನಲ್ಲೂ ಅವನ ಪರವಾಗಿ ಎಣಿಸಲು ತಂದೆ ಇರುವುದಿಲ್ಲ. ಆ ಸೊನ್ನೆ ಅವನ ಜೊತೆಗೇ ಹೋಗಲಿ ಎಂಬುದು ನನ್ನ ದುವಾ.