ಕತ್ತಲೆಯೂ ಕೊಡಗಿನ ಸಂಪತ್ತು

ಧ್ರುವಪ್ರಭೆಯ ಛಾಯಾಚಿತ್ರ ತೆಗೆಯಲೆಂದೇ ಲಕ್ಷಾಂತರ ರೂಪಾಯಿ ವೆಚ್ಚ ಮಾಡಿ ನಾರ್ವೆ, ಐಸ್‌ಲೆಂಡ್‌ಗಳಿಗೆ ಹೋಗಿಬರುವ ಕನ್ನಡಿಗರು ಇಂದು ವಿರಳರಲ್ಲ. ದಕ್ಷಿಣದ ಪ್ರಭೆ ಅಂಟಾರ್ಕ್ಟಿಕಾದಲ್ಲಿರುವ ನಮ್ಮ ‘ಮೈತ್ರಿ’ ನೆಲೆಯಿಂದ ಕಾಣುತ್ತದೆ. ಭೂಮಧ್ಯರೇಖೆಯಿಂದ ಕೇವಲ 12 ಡಿಗ್ರಿ ಉತ್ತರದಲ್ಲಿರುವ ಕೊಡಗಿನಲ್ಲಿ ಆ ಬೆಳಕನ್ನು ನಿರೀಕ್ಷಿಸುವಂತಿಲ್ಲ. ಆದರೆ ಅಂಥ ಚಿತ್ರಕ್ಕೆ ಎರಡು ಸಾಮಗ್ರಿಗಳು ಬೇಕು. ಸೌರ ಬಿರುಗಾಳಿ ಸೂರ್ಯನ ವಶದಲ್ಲಿದೆ. ಕತ್ತಲೆ ನಮ್ಮ ವಶದಲ್ಲಿದೆ.

2024ರ ಮೇ 10-11ರ ರಾತ್ರಿ, 2003ರ ನಂತರದ ಅತಿ ಪ್ರಬಲ ಭೂಕಾಂತೀಯ ಬಿರುಗಾಳಿಯಲ್ಲಿ, ಲಡಾಖಿನ ಹಾನ್ಲೆಯ ಆಕಾಶ ಕೆಂಪಾಯಿತು. ಅಲ್ಲಿನ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ. ಅದರ ಕ್ಯಾಮೆರಾಗಳು ಆ ಕೆಂಪನ್ನು ದಾಖಲಿಸಿದವು. 200 ಕಿ.ಮೀ.ಗೂ ಎತ್ತರದಲ್ಲಿ ಆಮ್ಲಜನಕದ ಪರಮಾಣುಗಳು ಸೂಸುವ ಈ ಬೆಳಕು ಬರಿಗಣ್ಣಿಗೆ ತೀರ ಮಸುಕು. ಹಲವು ಸೆಕೆಂಡು ತೆರೆದಿಟ್ಟ ಕ್ಯಾಮೆರಾ ಅದನ್ನು ಕೂಡಿಸಿ ಚಿತ್ರವಾಗಿಸುತ್ತದೆ. ಪಕ್ಕದಲ್ಲಿ ಪ್ರಖರ ದೀಪಗಳಿದ್ದರೆ ಅವೂ ಆ ಚಿತ್ರದೊಳಗೆ ಸೇರಿ, ಕೆಂಪನ್ನು ನುಂಗಿಬಿಡುತ್ತವೆ.

ಹಾನ್ಲೆಯ ಕತ್ತಲೆ ಕೇವಲ ಪ್ರಕೃತಿಯ ಕೊಡುಗೆಯಲ್ಲ. 2022ರಲ್ಲಿ ಆ ಪ್ರದೇಶವನ್ನು ‘ಡಾರ್ಕ್ ಸ್ಕೈ ರಿಸರ್ವ್’ ಎಂದು ಘೋಷಿಸಲಾಯಿತು. ಹೊರದೀಪಗಳಿಗೆ ಮಿತಿ ಹಾಕಲಾಯಿತು. ಹಳ್ಳಿಗರಿಗೆ ದೂರದರ್ಶಕ ಬಳಸುವ ತರಬೇತಿ ದೊರೆತು, ಪ್ರವಾಸಿಗರಿಗೆ ನಕ್ಷತ್ರ ತೋರಿಸುವುದು ಅವರಿಗೊಂದು ಆದಾಯವಾಯಿತು.

ಕೊಡಗಿಗೆ ಈ ಪಾಠ ಅಪ್ರಸ್ತುತವಲ್ಲ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣವನ್ನು ಕಾಣಲು, ಚಿತ್ರಿಸಲು ಕುಟ್ಟಕ್ಕೆ ಜನ ಬಂದಿದ್ದರು. ಆಕಾಶಕ್ಕಾಗಿ ಪ್ರವಾಸಿಗ ಇಲ್ಲಿಗೂ ಬರುತ್ತಾನೆ. ಮಳೆಗಾಲ ಕಳೆದ ಮೇಲಿನ ಚಳಿಗಾಲದ ತಿಳಿಯಾದ ರಾತ್ರಿಗಳು ಇಲ್ಲಿನ ಹೋಂಸ್ಟೇಗಳ ಬಂಡವಾಳವಾಗಬಲ್ಲವು. ಆದರೆ ಗುಡ್ಡದ ನೆತ್ತಿಯ ವಸತಿಗೃಹವೊಂದು ಅಲಂಕಾರಕ್ಕೆಂದು ಹಚ್ಚಿದ ದೀಪಗಳು ಇಡೀ ಕಣಿವೆಯ ಆಕಾಶವನ್ನು ಮಸುಕಾಗಿಸುತ್ತವೆ. ಲಾಭ ಒಬ್ಬನದು, ನಷ್ಟ ಎಲ್ಲರದು. ಬೆಲೆ ಕಟ್ಟದ ಸಾರ್ವಜನಿಕ ಸಂಪತ್ತು ಪೋಲಾಗುವುದು ಹೀಗೆಯೇ ಎಂಬುದು ಅರ್ಥಶಾಸ್ತ್ರದ ಹಳೆಯ ಪಾಠ.

ಆನೆಗಳ ಭಯವಿರುವ ಊರಿನಲ್ಲಿ ದೀಪ ಆರಿಸಿ ಎಂದರೆ ಹೇಗೆ ಎಂಬ ಪ್ರಶ್ನೆ ನ್ಯಾಯವಾದುದೇ. ಆದರೆ ಇಲ್ಲಿ ಕೇಳುತ್ತಿರುವುದು ದೀಪ ಬೇಡವೆಂದಲ್ಲ; ಅದು ದಾರಿಯನ್ನು ಬೆಳಗಲಿ, ಆಕಾಶವನ್ನಲ್ಲ ಎಂದು. ಬೀದಿದೀಪಗಳಿಗೆ ಮೇಲ್ಮುಚ್ಚಳ, ಕಣ್ಣು ಕುಕ್ಕುವ ಬಿಳಿಯ ಬದಲು ಹಳದಿ ಛಾಯೆಯ ಬಲ್ಬು, ರಾತ್ರಿ ಹತ್ತರ ನಂತರ ಅಲಂಕಾರ ದೀಪಗಳಿಗೆ ವಿರಾಮ: ಈ ಮೂರನ್ನು ಹೋಂಸ್ಟೇ ಹಾಗೂ ರೆಸಾರ್ಟುಗಳ ಪರವಾನಗಿಯ ಷರತ್ತಾಗಿಸಲು ದೊಡ್ಡ ಅನುದಾನವೇನೂ ಬೇಕಿಲ್ಲ. ಗ್ರಾಮ ಪಂಚಾಯಿತಿಗಳು ಮನಸ್ಸು ಮಾಡಿದರೆ ತಮ್ಮ ಬೀದಿದೀಪಗಳಿಂದಲೇ ಆರಂಭಿಸಬಹುದು.

ಕಡಿದ ಕಾಡು ಮರಳಿ ಬೆಳೆಯಲು ತಲೆಮಾರುಗಳು ಬೇಕು. ಕಳೆದುಕೊಂಡ ಕತ್ತಲೆಯನ್ನಾದರೋ ದೀಪ ಆರಿಸಿದ ರಾತ್ರಿಯೇ ಪಡೆಯಬಹುದು. ಇಷ್ಟು ಅಗ್ಗದಲ್ಲಿ ದೊರೆಯುವ ಪರಿಸರ ಸಂರಕ್ಷಣೆ ಬೇರೊಂದಿಲ್ಲ. ಜಿಲ್ಲಾಡಳಿತ ಮುಂದಿನ ಪ್ರವಾಸಿ ಋತುವಿಗೆ ಮೊದಲೇ ಇದನ್ನು ಕೈಗೆತ್ತಿಕೊಳ್ಳುವುದು ಉಚಿತ.